ಒಂದನೇ ಹಗ್ಗ

ನಾನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ನಲವತ್ತೇಳನೇ ವಯಸ್ಸಿಗೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಗ್ಲಾಸ್ಗೋದ ಒಂದು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಹಾಕಿದವಳು. ಗಂಡ ತೀರಿಕೊಂಡ, ಮಗಳು ಮದುವೆಯಾಗಿ ಅಬರ್ಡೀನಿಗೆ ಹೋದಳು. ಸಂಜೆ ಹೊತ್ತು ಗೋಡೆ ನೋಡುತ್ತ ಕೂರುವುದು ನನ್ನ ಜಾಯಮಾನವಲ್ಲ. ಕೆಲ್ಟಿಕ್ ಭಾಷೆಗಳು ಮತ್ತು ಸ್ಕಾಟ್ಲೆಂಡಿನ ಇತಿಹಾಸ ಎಂದು ಅರ್ಜಿಯಲ್ಲಿ ಬರೆದೆ. ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಹುಟ್ಟಿದಾಗಿನಿಂದ ಆಡ್ತಿರೋ ಭಾಷೇನ ಕಲಿಯೋಕೆ ಯಾರಾದ್ರೂ ಕಾಲೇಜಿಗೆ ಹೋಗ್ತಾರಾ?"

ಹೋಗುತ್ತಾರೆ, ಹೋಗಿ ಪೆಟ್ಟೂ ತಿನ್ನುತ್ತಾರೆ. ನನ್ನ ಮನೆಮಾತು ಗೇಲಿಕ್‌ನ ಮೊದಲ ಪರೀಕ್ಷೆಯಲ್ಲಿ ನನಗೆ ಅರವತ್ತೊಂದು ಅಂಕ, ಪಕ್ಕದಲ್ಲಿ ಕೂತಿದ್ದ ಜರ್ಮನಿಯ ಹುಡುಗನಿಗೆ ಎಂಬತ್ತನಾಲ್ಕು. ಅವನು ಆ ಭಾಷೆಯಲ್ಲಿ ಒಂದು ಹಸುವನ್ನೂ ಬೈದವನಲ್ಲ, ಒಂದು ಮಗುವನ್ನೂ ಮಲಗಿಸಿದವನಲ್ಲ. ಉತ್ತರಪತ್ರಿಕೆಯನ್ನು ಮುದುರಿ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ಮರುದಿನ ಮತ್ತೆ ಹೋದೆ.

ನಮ್ಮ ಕಟ್ಟಡದಲ್ಲಿ ಕೆಲ್ಟಿಕ್ ವಿಭಾಗ ಮೂರನೇ ಮಹಡಿ, ಇತಿಹಾಸ ಕೆಳಗೆ. ಮೇಲಿನವರು ಬಾಯಿಮಾತಿಗೆ ಕಿವಿಗೊಡುತ್ತಿದ್ದರು, ಹಳೆಯ ಹಾಡು, ಅಜ್ಜಿಯರ ಕಥೆ, ವಂಶಾವಳಿ. ಕೆಳಗಿನವರಿಗೆ ಕಾಗದ ಬೇಕು, ಅದರ ಮೇಲೆ ತಾರೀಖು ಬೇಕು. ನಾಲ್ಕು ವರ್ಷ ಆ ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆಯಿತು. ಕೊನೆಯ ವರ್ಷದ ಪ್ರಬಂಧಕ್ಕೆ ನನಗೆ ಗುರುವಾಗಿ ಸಿಕ್ಕವರು ಡಾಕ್ಟರ್ ಹೆಂಡ್ರಿ, ನನಗಿಂತ ಹತ್ತು ವರ್ಷ ಚಿಕ್ಕವರು, ಎರಡೂ ಮಹಡಿಯಲ್ಲಿ ಪಾಠ ಮಾಡುವವರು.

"ಶೋನಾಗ್, ನಿಮ್ಮೂರಿನ ಬಗ್ಗೇನೇ ಬರೀರಿ. ಊರವರ ಬಾಯಲ್ಲಿರೋ ಕಥೆ ಒಂದು ಕಡೆ ಇಡಿ, ಜಮೀನ್ದಾರರ ಕಾಗದ ಒಂದು ಕಡೆ ಇಡಿ. ಎರಡೂ ಮಾತಾಡ್ಕೊಳ್ಳಲಿ," ಎಂದರು.

ಎರಡೂ ಮಾತಾಡಿಕೊಂಡರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮೂರು ಕ್ಲಾದಾಚ್, ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಒಂದರ ಪಡುವಣ ದಂಡೆಯಲ್ಲಿದೆ. ಇಪ್ಪತ್ತು ಮನೆ, ಅದರಲ್ಲಿ ಹದಿಮೂರು ಮನೆಯವರು ಮೆಕ್ಲೀನ್. ಹುಟ್ಟುವ ಗಂಡುಮಕ್ಕಳಿಗೆಲ್ಲ ಅಜ್ಜನ ಹೆಸರೇ ಇಡುವುದರಿಂದ ಒಂದೇ ಕಾಲದಲ್ಲಿ ಮೂರು ಡೊನಾಲ್ಡ್ ಮೆಕ್ಲೀನ್ ಓಡಾಡುತ್ತಿದ್ದರೂ ಆಶ್ಚರ್ಯವಿಲ್ಲ. ಊರಿನೊಳಗೆ ಆ ಹೆಸರು ಯಾರಿಗೂ ಬೇಕಿಲ್ಲ. ಉದ್ದ ಡೊನಾಲ್ಡ್, ಕೆಂಚ ಡೊನಾಲ್ಡ್ ಎನ್ನುತ್ತೇವೆ, ಇಂಥವನ ಮಗ, ಇಂಥವನ ಮೊಮ್ಮಗ ಎನ್ನುತ್ತೇವೆ. ಬರಿಯ ಡೊನಾಲ್ಡ್ ಮೆಕ್ಲೀನ್ ಎಂದು ಕರೆಯುವವರು ಪೊಲೀಸರು ಮತ್ತು ಸರ್ಕಾರದವರು ಮಾತ್ರ.

ಉದ್ದ ಡೊನಾಲ್ಡ್ ನನ್ನಪ್ಪನ ಅಜ್ಜ. ಕೆಂಚ ಡೊನಾಲ್ಡ್ ನಮ್ಮ ಪಕ್ಕದ ಮನೆಯ ಮರ್ಡೋ ಮಾಮನ ಅಜ್ಜ.

ಸಾವಿರದ ಒಂಬೈನೂರ ಒಂಬತ್ತರ ಮಾರ್ಚಿಯಲ್ಲಿ ಊರವರೆಲ್ಲ ಸೇರಿ, ತಮ್ಮ ಅಜ್ಜಂದಿರಿಂದ ಜಮೀನ್ದಾರ ಕಿತ್ತುಕೊಂಡಿದ್ದ ಹುಲ್ಲುಗಾವಲಿಗೆ ದನ ಹೊಡೆದುಕೊಂಡು ನುಗ್ಗುವುದೆಂದು ತೀರ್ಮಾನಿಸಿದ್ದರು. ಆ ಬೆಳಿಗ್ಗೆ ಹೊಳೆ ದಾಟುವ ಹೊತ್ತಿಗೆ ಆಚೆ ದಡದಲ್ಲಿ ಪೊಲೀಸರು ಸಾಲಾಗಿ ನಿಂತಿದ್ದರು. ಐದು ಜನ ಜೈಲಿಗೆ ಹೋದರು, ಒಬ್ಬ ಅಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಸುದ್ದಿ ಕೊಟ್ಟವರು ಯಾರು ಎಂದರೆ, ಒಬ್ಬ ಪೊಲೀಸಿನವನು ಬಾಯಿಬಿಟ್ಟನಂತೆ, ನಿಮ್ಮವನೇ ಡೊನಾಲ್ಡ್ ಮೆಕ್ಲೀನ್ ಎಂದು. ಕೆಂಚ ಡೊನಾಲ್ಡ್ ಜಮೀನ್ದಾರನ ಪಾರುಪತ್ಯಗಾರನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಉದ್ದ ಡೊನಾಲ್ಡ್ ಆ ದಿನಗಳಲ್ಲಿ ಹೆಂಡತಿಯ ಹೆರಿಗೆಯ ಸಂಕಟದಲ್ಲಿ ಮನೆಯಲ್ಲೇ ಇದ್ದ. ಊರವರು ಇನ್ನೇನು ಯೋಚಿಸುವುದಿತ್ತು?

ಯಾರೂ ಕೆಂಚ ಡೊನಾಲ್ಡನ ಮನೆಗೆ ಕಲ್ಲು ಹೊಡೆಯಲಿಲ್ಲ. ನಮ್ಮವರು ಹಾಗೆಲ್ಲ ಮಾಡುವವರಲ್ಲ. ಅವನ ಮನೆಯವರಿಗೆ ಹಗ್ಗ ಕೊಡುವುದನ್ನು, ಅವರ ಹಗ್ಗ ಹಿಡಿಯುವುದನ್ನು ನಿಲ್ಲಿಸಿದರು, ಅಷ್ಟೆ.

ನಮ್ಮ ಕಡೆ ಶವಪೆಟ್ಟಿಗೆಯನ್ನು ಎಂಟು ಹಗ್ಗಗಳಿಂದ ಗುಂಡಿಗೆ ಇಳಿಸುತ್ತಾರೆ. ತಲೆಯ ಕಡೆಯದು ಒಂದನೆಯದು, ಅದು ತೀರಿಕೊಂಡವರಿಗೆ ತೀರ ಹತ್ತಿರದವರದು. ಕಾಲಿನ ಕಡೆಯದು ಎರಡನೆಯದು. ಉಳಿದವು ಬಂಧುಗಳಿಗೆ, ನೆರೆಯವರಿಗೆ. ಯಾರಿಗೆ ಯಾವ ಹಗ್ಗ ಎಂದು ಪಟ್ಟಿ ಮಾಡಿ, ಗುಂಡಿಯ ಪಕ್ಕ ನಿಂತು ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಕೂಗುವವನು ಒಬ್ಬನಿರುತ್ತಾನೆ. ಕ್ಲಾದಾಚಿನಲ್ಲಿ ನಲವತ್ತು ವರ್ಷದಿಂದ ಆ ಕೆಲಸ ನನ್ನಪ್ಪ ಲಾಕ್ಲನ್‌ನದು. ಹಗ್ಗ ಸಿಕ್ಕವನು ಊರಿನವನು. ಸಿಗದವನು ಊರಿನಲ್ಲಿ ಇರುತ್ತಾನೆ, ಅಷ್ಟೆ.

ಇನ್ನು ಮರ್ಡೋ ಮಾಮ. ಐವತ್ತು ವರ್ಷದಿಂದ ಊರಿನ ಗುಂಡಿಗಳನ್ನೆಲ್ಲ ಅಗೆದವರು ಅವರು. ಯಾರಾದರೂ ತೀರಿಕೊಂಡರೆ ಕರೆಯುವ ಮೊದಲೇ ಸನಿಕೆ ಹೆಗಲಿಗೇರಿಸಿ ಹೋಗಿಬಿಡುತ್ತಾರೆ. ಒಂದು ಪೈಸೆ ಮುಟ್ಟುವುದಿಲ್ಲ. ನನ್ನಮ್ಮನ ಗುಂಡಿಯನ್ನೂ ಅವರೇ ಅಗೆದರು, ಬದಿಗಳನ್ನು ಅಂಗೈಯಿಂದ ಸವರಿ ನುಣ್ಣಗೆ ಮಾಡಿದ್ದರು. ಹಗ್ಗ ಕೂಗುವ ಹೊತ್ತಿಗೆ ಮಾತ್ರ ಕಾಂಪೌಂಡು ಗೋಡೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅವರ ತಂಗಿಯೇ ಹೋದಾಗಲೂ ಅವರು ಗೋಡೆಯ ಹತ್ತಿರವೇ ನಿಂತರು, ತಂಗಿಯ ಗಂಡನ ಕಡೆಯವರ ಕೈ ಎಂಟು ಹಗ್ಗಕ್ಕೆ ಸಾಲದೆ ಪಾದ್ರಿ ಒಂದು ಹಿಡಿದರು, ಪೆಟ್ಟಿಗೆ ತಂದ ವ್ಯಾನಿನ ಡ್ರೈವರ್ ಒಂದು ಹಿಡಿದ. ಊರವರೆಲ್ಲ ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು. ನನ್ನಪ್ಪನೂ ಬಂದಿದ್ದ. ಅವನೂ ಮರ್ಡೋ ಮಾಮನೂ ಒಂದೇ ದೋಣಿಯಲ್ಲಿ ಮೀನು ಹಿಡಿದು ಬೆಳೆದವರು, ಇವತ್ತಿಗೂ ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯುವವರು. ಆದರೂ ಕೈ ಚಾಚಲಿಲ್ಲ. ಕೇಳಿದರೆ, "ದ್ವೇಷ ಏನಿಲ್ಲ ಕಣೇ, ಪದ್ಧತಿ," ಎಂದಿದ್ದ.

ಈ ಪದ್ಧತಿಯನ್ನೇ ಪ್ರಬಂಧಕ್ಕೆ ಹಿಡಿದೆ. ನನ್ನ ಸೋದರತ್ತೆ ಪೇಗಿ, ಅಪ್ಪನ ಅಕ್ಕ, ಎಂಬತ್ತನಾಲ್ಕರ ಮುದುಕಿ, ನನ್ನ ತಮ್ಮ ನೀಲ್‌ನ ಮನೆಯಲ್ಲೇ ಅಪ್ಪನ ಜೊತೆ ಇದ್ದವಳು, ಕಥೆ ಹೇಳುವುದರಲ್ಲಿ ಎತ್ತಿದ ಕೈ. ಹಿಂದಿನ ಬೇಸಿಗೆಯಲ್ಲಿ ಅವಳ ಮುಂದೆ ರೆಕಾರ್ಡರ್ ಇಟ್ಟು ಕೂತಿದ್ದೆ. ಅವಳಿಗೆ ಇಷ್ಟವಾದ ಕಥೆ ತನ್ನಪ್ಪ ಅಲಾಸ್ಡೇರ್ ಹುಟ್ಟಿದ ಕಥೆ. ಮೂರು ದಿನ ಉದ್ದ ಡೊನಾಲ್ಡನ ಹೆಂಡತಿಗೆ, ಪೇಗಿಯ ಅಜ್ಜಿಗೆ, ನೋವು, ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳು, ಸಮುದ್ರ ಹುಚ್ಚೆದ್ದಿತ್ತು. ಆಗ ಯಾರೂ ಹೇಳಿಕಳಿಸದಿದ್ದರೂ ಆಚೆ ದ್ವೀಪದಿಂದ ಡಾಕ್ಟರನ್ನು ಕೂರಿಸಿಕೊಂಡು ಒಂದು ದೋಣಿ ಬಂತು. ದೇವರೇ ಕಳಿಸಿದ ದೋಣಿ. ಮಗು ಉಳಿಯಿತು, ತಾಯಿ ಉಳಿದಳು. ಆ ಮಗು ಉಳಿದಿದ್ದಕ್ಕೆ ಪೇಗಿ ಅತ್ತೆ, ನನ್ನಪ್ಪ, ನಾನು, ನನ್ನ ಮಗಳು.

ಫೆಬ್ರವರಿಯಲ್ಲಿ ಎಡಿನ್‌ಬರೋದ ದಾಖಲೆಗಳ ಕಚೇರಿಯಲ್ಲಿ ಪಾರುಪತ್ಯಗಾರನ ಪತ್ರಗಳ ಕಟ್ಟು ಬಿಚ್ಚಿದೆ. ಹೊರಗೆ ಕೊಡೆ ನಿಲ್ಲದ ಗಾಳಿ, ಒಳಗೆ ಪೆನ್ಸಿಲು ಕೆರೆಯುವ ಸದ್ದು. ನಲವತ್ತನೆಯದೋ ಐವತ್ತನೆಯದೋ ಪತ್ರ. ಜಮೀನ್ದಾರನಿಗೆ ಬರೆದದ್ದು, ಅದೇ ಒಂಬೈನೂರ ಒಂಬತ್ತರ ಮಾರ್ಚಿ ಹನ್ನೆರಡನೇ ತಾರೀಖು.

"ನಮ್ಮ ರೈತ ಡೊನಾಲ್ಡ್ ಮೆಕ್ಲೀನ್ ಈ ಬೆಳಿಗ್ಗೆ ಬಂದು ಅವರ ಯೋಜನೆಯನ್ನೆಲ್ಲ ತಿಳಿಸಿದ. ಪ್ರತಿಯಾಗಿ ಅವನು ಕೇಳಿದ್ದು ಒಂದೇ. ಅವನ ಹೆಂಡತಿ ಮೂರು ದಿನದಿಂದ ಹೆರಲಾರದೆ ನರಳುತ್ತಿದ್ದಾಳೆ. ಕೊಟ್ಟ ಮಾತಿನಂತೆ ಎಸ್ಟೇಟಿನ ದೋಣಿಯಲ್ಲಿ ಡಾಕ್ಟರನ್ನು ಕಳಿಸಿದ್ದೇನೆ."

ಮೂರು ಸಲ ಓದಿದೆ. ಕೆಂಚ ಡೊನಾಲ್ಡನ ಹೆಂಡತಿ ಆ ವರ್ಷ ಹೆತ್ತಿರಲಿಲ್ಲ, ಅವನ ಒಬ್ಬನೇ ಮಗ ರೋರಿಗೆ ಆಗಲೇ ನಾಲ್ಕು ವರ್ಷ. ಆ ವಾರ ಕ್ಲಾದಾಚಿನಲ್ಲಿ ಹುಟ್ಟಿದ ಮಗು ಒಂದೇ. ಇತಿಹಾಸದವರು ಈ ಪತ್ರ ಓದಿದ್ದರೆ ಅವರಿಗೆ ಬರಿಯ ಒಬ್ಬ ಡೊನಾಲ್ಡ್ ಮೆಕ್ಲೀನ್ ಕಾಣುತ್ತಿದ್ದ. ಕಥೆ ಕೇಳುವವರು ಪೇಗಿ ಅತ್ತೆಯ ಕಥೆ ಕೇಳಿದ್ದರೆ ಅವರಿಗೆ ಬರಿಯ ದೇವರ ದೋಣಿ ಕಾಣುತ್ತಿತ್ತು. ಎರಡನ್ನೂ ಕೈಯಲ್ಲಿ ಹಿಡಿದವಳು ನಾನೊಬ್ಬಳೇ, ಅದೂ ಆ ಮಗುವಿನ ಮೊಮ್ಮಗಳು. ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಕಾವಲಿನ ಹೆಂಗಸು ಬಂದು, ಕಣ್ಣೀರು ಕಾಗದದ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ ಎಂದಳು.

ಉದ್ದ ಡೊನಾಲ್ಡನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಂಡತಿ ಕಣ್ಣೆದುರು ಸಾಯುತ್ತಿದ್ದರೆ ನಾನಾಗಿದ್ದರೆ ಎರಡು ಊರು ಮಾರಿಬಿಡುತ್ತಿದ್ದೆ. ಆದರೆ ಆಮೇಲೆ? ಆಮೇಲೆ ಮೂವತ್ತು ವರ್ಷ ಬದುಕಿದ್ದನಲ್ಲ. ಪಕ್ಕದ ಮನೆಯವನು ಗೋಡೆಯ ಹತ್ತಿರ ಬೆನ್ನು ತಿರುಗಿಸಿ ನಿಲ್ಲುವುದನ್ನು ನೋಡುತ್ತ ಹಗ್ಗ ಹಿಡಿದನಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹೆಂಡ್ರಿಯವರು ಪತ್ರದ ನಕಲನ್ನು ಓದಿ ಮೇಜಿನ ಮೇಲಿಟ್ಟರು.

"ಬರೆಯೋದು ಬಿಡೋದು ನಿಮಗೆ ಬಿಟ್ಟಿದ್ದು," ಎಂದರು. "ಬರೆದ್ರೆ ಬಹಳ ಒಳ್ಳೇ ಪ್ರಬಂಧ ಆಗುತ್ತೆ. ಆದ್ರೆ ನಿಮ್ಮ ಅತ್ತೆ ಕಥೆ ಬಳಸ್ಕೋಬೇಕು ಅಂದ್ರೆ, ಅದು ಯಾತಕ್ಕೆ ಅಂತ ಅವರಿಗೆ ಹೇಳಿ ಈ ಫಾರ್ಮಿಗೆ ಸಹಿ ಹಾಕಿಸ್ಬೇಕು. ನಿಯಮ ಅದು."

"ನಿಯಮ ಇಲ್ದಿದ್ರೆ ಹೇಳ್ತಿರ್ಲಿಲ್ವೇನೋ ನಾನು," ಎಂದೆ.

"ಅದಕ್ಕೇ ನಿಯಮ ಇರೋದು, ಶೋನಾಗ್."

ಈಸ್ಟರ್ ರಜೆಗೆ ಹಡಗು ಹತ್ತಿದೆ. ಮನೆಯಲ್ಲಿ ಎಂದಿನ ಗದ್ದಲ. ನೀಲ್ ಕುರಿಮರಿಗಳ ಹಿಂದೆ, ಅವನ ಹೆಂಡತಿ ಎಫಿ ಒಲೆಯ ಮುಂದೆ, ಮೂರು ಮಕ್ಕಳು ಮೇಜಿನ ಕೆಳಗೆ. ಪೇಗಿ ಅತ್ತೆ ಮಾತ್ರ ಹಾಸಿಗೆ ಹಿಡಿದಿದ್ದಳು. ಹೃದಯ ಸೋತಿದೆ, ಬೇಸಿಗೆ ನೋಡುವುದು ಅನುಮಾನ ಎಂದು ಎಫಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಎರಡು ದಿನ ಫಾರ್ಮನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಮೂರನೇ ದಿನ ಅತ್ತೆಯೇ ಕೇಳಿದಳು.

"ಏನೇ ಅದು, ಹೊಟ್ಟೇಲಿ ಇಟ್ಕೊಂಡು ಓಡಾಡ್ತಿದೀಯಲ್ಲ? ನಾನು ಸತ್ತ ಮೇಲೆ ಹೇಳ್ತೀಯಾ?"

ಹೇಳಿದೆ. ಪತ್ರವನ್ನು ಒಂದೊಂದೇ ವಾಕ್ಯವಾಗಿ ಗೇಲಿಕ್‌ನಲ್ಲಿ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಮಲಗಿದ್ದಳು. ಅತ್ತಳೇ ಎಂದು ನೋಡಿದೆ, ಇಲ್ಲ.

"ದೋಣಿ ಹಸಿರು ಬಣ್ಣದ್ದು," ಎಂದಳು ಕೊನೆಗೆ.

"ಏನತ್ತೆ?"

"ನಮ್ಮಜ್ಜಿ ಕಥೆ ಹೇಳೋವಾಗ, ಹಸಿರು ದೋಣಿ ಬಂತು ಅಂತಿದ್ಲು. ಎಸ್ಟೇಟಿನ ಗೇಟು, ಗಾಡಿ, ದೋಣಿ ಎಲ್ಲ ಹಸಿರು ಬಣ್ಣ. ಬೇರೆ ಯಾರೂ ಆ ಬಣ್ಣ ಬಳೀತಿರ್ಲಿಲ್ಲ. ನಾನು ಹೇಳೋವಾಗ ಆ ಬಣ್ಣ ಒಂದನ್ನ ಬಿಟ್ಟುಬಿಡ್ತಿದ್ದೆ. ಯಾಕೆ ಬಿಡ್ತೀನಿ ಅಂತ ಒಂದಿನಾನೂ ಕೇಳ್ಕೊಳ್ಲಿಲ್ಲ, ನೋಡು." ಅವಳು ಕೈ ಚಾಚಿದಳು. "ತಾ ಆ ಫಾರ್ಮು. ಕನ್ನಡಕ ಎಲ್ಲಿ ಹಾಳಾಗಿ ಹೋಯ್ತು?"

ಸಹಿ ಅಂಕುಡೊಂಕಾಗಿ ಬಂತು. ಪೆನ್ನು ಕೊಡುತ್ತ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನನ್ನ ಮಣ್ಣಿಗೆ ಮರ್ಡೋ ಕೈಲಿ ಹಗ್ಗ ಇರ್ಬೇಕು. ನಿಮ್ಮಪ್ಪಂಗೆ ಹೇಳು. ನನ್ನ ಮಾತು ಯಾವತ್ತು ಕೇಳಿದಾನೆ ಅವನು, ಇದೊಂದು ಕೇಳ್ಲಿ."

"ನೀನೇ ಹೇಳತ್ತೆ."

"ನಾನು ಹೇಳಿದ್ರೆ ಮುದುಕಿಗೆ ಅರಳು ಮರಳು ಅಂತಾನೆ. ನೀನು ಓದಿದವಳು. ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಆಗ್ಲಿ."

ಅಪ್ಪ ಕೊಟ್ಟಿಗೆಯ ಮುಂದೆ ಬಲೆ ಬಿಡಿಸುತ್ತ ಕೂತಿದ್ದ. ಪತ್ರ, ಅತ್ತೆಯ ಆಸೆ ಎರಡನ್ನೂ ನಾನು ಹೇಳುವಷ್ಟು ಹೊತ್ತೂ ಬೆರಳು ನಿಲ್ಲಿಸಲಿಲ್ಲ.

"ಯಾರು ಬರೆದಿದ್ದು ಅದು?"

"ಪಾರುಪತ್ಯಗಾರ."

"ಯಾವ ಭಾಷೇಲಿ?"

"ಇಂಗ್ಲಿಷ್‌ನಲ್ಲಿ, ಅಪ್ಪ."

"ಇಂಗ್ಲಿಷ್‌ನಲ್ಲಿ ಬರೆದಿದ್ದನ್ನ ನಂಬಿ ಈ ಊರು ಯಾವತ್ತಾದ್ರೂ ಉದ್ಧಾರ ಆಗಿದ್ಯಾ? ಇದೇನಾ ನಾಲ್ಕು ವರ್ಷ ಅಲ್ಲಿ ಕಲ್ತಿದ್ದು ನೀನು? ನಮ್ಮಜ್ಜನ ಮುಖಕ್ಕೆ ಮಸಿ ಬಳಿಯೋದು?"

"ಡಾಕ್ಟರು ಬಂದ ದೋಣಿ ಯಾವ ಬಣ್ಣದ್ದು ಅಪ್ಪ?"

"ಹಸಿರು," ಎಂದ ಸಿಟ್ಟಿನಲ್ಲೇ. "ಅದಕ್ಕೂ ಇದಕ್ಕೂ ಏನು ಸಂಬಂಧ..."

ಅಲ್ಲಿಗೆ ಬೆರಳು ನಿಂತಿತು. ನಮ್ಮ ರಸ್ತೆಯ ತಿರುವಿನಲ್ಲಿ ಎಸ್ಟೇಟಿನ ಹಳೆಯ ಗೇಟು ಇನ್ನೂ ಇದೆ, ತುಕ್ಕಿನ ನಡುವೆ ಅಲ್ಲಲ್ಲಿ ಬಣ್ಣ ಉಳಿದಿದೆ. ಅಪ್ಪ ಅತ್ತ ನೋಡಿದ. ಆಮೇಲೆ ಬಲೆಯನ್ನು ಕೆಳಗಿಟ್ಟು ಊರುಗೋಲು ತೆಗೆದುಕೊಂಡ.

"ಹಗ್ಗ ಕೂಗೋದು ನಾನು. ನಿನ್ನ ಕಾಗದ ಅಲ್ಲ," ಎಂದು ಸಮುದ್ರದ ಕಡೆ ಹೊರಟುಹೋದ. ನಾನಿದ್ದಷ್ಟು ದಿನವೂ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಚಹಾಕ್ಕೆ ಮರ್ಡೋ ಮಾಮನ ಮನೆಗೂ ಹೋಗಲಿಲ್ಲ.

ಹೊರಡುವ ಹಿಂದಿನ ದಿನ ನಾನೇ ಮರ್ಡೋ ಮಾಮನ ಮನೆಗೆ ಹೋದೆ. ತಪ್ಪೋ ಸರಿಯೋ, ನನಗೆ ತಡೆದುಕೊಳ್ಳಲಾಗಲಿಲ್ಲ. ಒಳ್ಳೆಯ ಸುದ್ದಿ ತಂದಿದ್ದೇನೆಂಬ ಹುಮ್ಮಸ್ಸು ಬೇರೆ. ಅವರ ಅಜ್ಜ ತಪ್ಪು ಮಾಡಿಲ್ಲ ಎಂದು ನೂರು ವರ್ಷದ ಮೇಲೆ ಹೇಳಲು ಹೋಗುತ್ತಿದ್ದೇನೆ, ಮುಖ ಅರಳುತ್ತದೆ ಎಂದುಕೊಂಡಿದ್ದೆ. ಪುಸ್ತಕ ಓದಿದವರಿಗೆ ಬರುವ ದಡ್ಡತನ ಅದು.

ಅವರು ಕೆಟಲ್ಲು ಒಲೆಗಿಟ್ಟು, ಓಟ್ಸ್ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟು, ಎದುರಿಗೆ ಕೂತು ಎಲ್ಲವನ್ನೂ ಕೇಳಿದರು. ಕೆಟಲ್ಲು ಕೂಗಿ ಕೂಗಿ ಒಣಗಿದರೂ ಏಳಲಿಲ್ಲ.

"ಅಂದ್ರೆ ನಮ್ಮಜ್ಜ ಹೇಳ್ಲಿಲ್ಲ," ಎಂದರು.

"ಇಲ್ಲ, ಮಾಮ."

"ನಮ್ಮಪ್ಪನೂ ನಂಬಿದ್ದ, ಗೊತ್ತಾ? ಅಜ್ಜ ನಾನಲ್ಲ ನಾನಲ್ಲ ಅಂತ ಹೇಳ್ಕೊಂಡೇ ಸತ್ತ, ಸ್ವಂತ ಮಗನೇ ನಂಬ್ಲಿಲ್ಲ. ಊರೆಲ್ಲ ಹೇಳೋವಾಗ ಹೆಂಗೆ ನಂಬ್ತಾನೆ. ನಮ್ಮಪ್ಪ ಸಾಯೋ ಹಿಂದಿನ ದಿನ ನಿಮ್ಮ ತಾತ ಅಲಾಸ್ಡೇರನ್ನ ಕರೆಸಿದ. ತನ್ನಪ್ಪ ಮಾಡಿದ್ದಕ್ಕೆ ಊರ ಪರವಾಗಿ ನೀನು ಕ್ಷಮಿಸ್ಬೇಕು ಅಂತ ಅವನ ಕೈ ಹಿಡ್ಕೊಂಡು ಕೇಳ್ದ. ಇದೇ ಕೋಣೇಲಿ. ನಾನು ಅಲ್ಲಿ, ಬಾಗಿಲ ಹತ್ರ ನಿಂತಿದ್ದೆ."

"ತಾತ ಏನಂದ್ರು?"

"ಕ್ಷಮಿಸಿದೀನಿ ಅಂದ. ಒಳ್ಳೇ ಮನುಷ್ಯ, ಅವನಿಗೇನು ಗೊತ್ತಿತ್ತು ಪಾಪ. ಆವತ್ತಿನಿಂದ ನಾನು ಗುಂಡಿ ಅಗೆಯೋಕೆ ಶುರು ಮಾಡ್ದೆ. ನಮ್ಮ ಮನೆಯಿಂದ ಊರಿಗೆ ಅಷ್ಟಾದ್ರೂ ಆಗ್ಲಿ ಅಂತ." ಅವರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈ ಎಂಬಂತೆ. "ಎಪ್ಪತ್ತೊಂದು ಗುಂಡಿ, ಶೋನಾಗ್. ಯಾತಕ್ಕೆ ಅಗೆದೆ ನಾನು?"

ಕ್ಷಮಿಸಿ ಮಾಮ ಎಂದೆ. ಹೇಳುವಾಗಲೇ ಆ ಮಾತು ಆ ಕೋಣೆಯಲ್ಲಿ ಎಷ್ಟು ಸವೆದದ್ದು ಎಂದು ತಿಳಿಯಿತು.

"ನೀನು ಹೋಗಮ್ಮ ಈಗ. ನಿನ್ನ ಮೇಲೆ ಸಿಟ್ಟಿಲ್ಲ. ಹೋಗು," ಎಂದರು. ಬಾಗಿಲವರೆಗೆ ಬಂದವರು, "ಹಗ್ಗ ಗಿಗ್ಗ ನನಗೆ ಬೇಡ, ಹೇಳು ನಿಮ್ಮಪ್ಪಂಗೆ," ಎಂದು ಬಾಗಿಲು ಹಾಕಿಕೊಂಡರು.

ಗ್ಲಾಸ್ಗೋಗೆ ವಾಪಸು ಬಂದು ಪ್ರಬಂಧದ ಎದುರು ಕೂತೆ. ಒಂದು ಸಾಲೂ ಬರಲಿಲ್ಲ. ಒಂದು ಮನೆಗೆ ನೂರು ವರ್ಷದ ಗರ್ವ ಹೋಯಿತು, ಇನ್ನೊಂದು ಮನೆಗೆ ಐವತ್ತು ವರ್ಷದ ದುಡಿಮೆಗೆ ಅರ್ಥ ಹೋಯಿತು. ಮೂವತ್ತು ಅಂಕದ ಪ್ರಬಂಧಕ್ಕೆ ಬೆಲೆ ಜಾಸ್ತಿಯಾಯಿತು ಎನ್ನಿಸಿತು. ಹೆಂಡ್ರಿಯವರಿಗೆ ಹೇಳಿ ಎರಡು ವಾರ ಗಡುವು ತೆಗೆದುಕೊಂಡೆ. ಆ ಎರಡು ವಾರದೊಳಗೆ ಎಫಿ ಫೋನ್ ಮಾಡಿದಳು. ಪೇಗಿ ಅತ್ತೆ ಬೆಳಿಗ್ಗೆ ಚಹಾ ಕೇಳಿ, ಚಹಾ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಊರು ಮುಟ್ಟಿದಾಗ ಮನೆ ತುಂಬ ಜನ, ಸ್ಕೋನ್ ಬನ್ನಿನ ತಟ್ಟೆಗಳು, ಕೊಠಡಿಯಲ್ಲಿ ತಗ್ಗಿದ ದನಿಯ ಕೀರ್ತನೆ. ಅಪ್ಪ ಮೂಲೆಯಲ್ಲಿ ತನ್ನ ಪಟ್ಟಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಂದೇ ತಿಂಗಳಲ್ಲಿ ಹತ್ತು ವರ್ಷ ಮುದುಕನಾಗಿದ್ದ. ನನ್ನನ್ನು ನೋಡಿ ತಲೆಯಾಡಿಸಿದ, ಅಷ್ಟೆ.

"ಮರ್ಡೋ ಮಾಮ ಬಂದಿದ್ರಾ?" ಎಂದು ನೀಲ್‌ನನ್ನು ಕೇಳಿದೆ.

"ಮನೆಗೆ ಬಂದಿಲ್ಲ. ಅಪ್ಪನಿಗೂ ಅವರಿಗೂ ಏನೋ ಆಗಿದೆ, ತಿಂಗಳಿಂದ ಮಾತಿಲ್ಲ. ಗುಂಡಿ ಅಗೀತಾರೋ ಇಲ್ವೋ ಅಂತ ಎದೆ ಹೊಡ್ಕೋತಿತ್ತು ನಂಗೆ. ಬೆಳಿಗ್ಗೆ ಹೋಗಿ ನೋಡ್ತೀನಿ, ಆಗ್ಲೇ ಅಗೆದು ಮುಗಿಸಿದಾರೆ."

ಪೇಗಿಯ ಆಸೆಯನ್ನು ಅಪ್ಪನಿಗೆ ಮತ್ತೆ ನೆನಪಿಸಬೇಕೆಂದು ಎರಡು ಸಲ ಹತ್ತಿರ ಹೋದೆ, ಎರಡು ಸಲವೂ ಬಾಯಿ ಬರಲಿಲ್ಲ. ಅವನು ಮುಖ ತೊಳೆಯಲು ಹೋದಾಗ ನಾಚಿಕೆ ಬಿಟ್ಟು ಪುಸ್ತಕ ತೆರೆದು ನೋಡಿದೆ. ಮೂರರಿಂದ ಎಂಟರವರೆಗೆ ಹೆಸರು ಬರೆದಿತ್ತು. ನೀಲ್‌ಗೆ ಮೂರು, ನನಗೂ ಒಂದು ಇತ್ತು, ಆರನೆಯದು. ಹೆಂಗಸರು ಹಗ್ಗ ಹಿಡಿಯುವುದು ನಮ್ಮಲ್ಲಿ ಈಚಿನದು. ಮರ್ಡೋ ಮಾಮನ ಹೆಸರು ಎಲ್ಲೂ ಇರಲಿಲ್ಲ. ಒಂದು, ಎರಡರ ಮುಂದೆ ಖಾಲಿ.

ಸ್ಮಶಾನ ಮರಳದಿಬ್ಬದ ಮೇಲಿದೆ, ಮೂರು ಕಡೆ ಸಮುದ್ರ. ಬಿಸಿಲಿತ್ತು, ಗಾಳಿಗೆ ಪಾದ್ರಿಯ ಮಾತು ಅರ್ಧ ಕೇಳಿಸಿತು, ಅರ್ಧ ಹೋಯಿತು. ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲೆ ಇಟ್ಟರು. ಮರ್ಡೋ ಮಾಮ ಸನಿಕೆ ಹಿಡಿದು ಎಂದಿನ ಜಾಗದಲ್ಲಿ, ಗೋಡೆಯ ಹತ್ತಿರ, ಬೆನ್ನು ತಿರುಗಿಸಿ ನಿಂತಿದ್ದರು. ಅಪ್ಪ ಪುಸ್ತಕ ತೆರೆದ. ಕೊನೆಯಿಂದ ಕೂಗುವುದು ನಮ್ಮ ರೂಢಿ. ಎಂಟು, ಏಳು, ಆರು. ನಾನು ಹೋಗಿ ನನ್ನ ಹಗ್ಗ ಹಿಡಿದು ನಿಂತೆ. ಐದು, ನಾಲ್ಕು, ಮೂರು.

ಆಮೇಲೆ ಅಪ್ಪ ಪುಸ್ತಕ ಮುಚ್ಚಿ ಜೇಬಿಗೆ ಹಾಕಿದ. ಆ ಹೆಸರುಗಳನ್ನು ಬರೆದುಕೊಳ್ಳುವ ಅಗತ್ಯ ಅವನಿಗಿರಲಿಲ್ಲ.

"ಎರಡನೇ ಹಗ್ಗ," ಎಂದು ಅದೇ ದನಿಯಲ್ಲಿ, ಅದೇ ರಾಗದಲ್ಲಿ ಕೂಗಿದ. "ಲಾಕ್ಲನ್. ಅಲಾಸ್ಡೇರನ ಮಗ. ಉದ್ದ ಡೊನಾಲ್ಡನ ಮೊಮ್ಮಗ. ಪಾರುಪತ್ಯಗಾರನ ಮನೆಗೆ ಹೋಗಿ ಊರಿನ ಗುಟ್ಟು ಹೇಳಿದವನು ಆ ಉದ್ದ ಡೊನಾಲ್ಡ್."

ಯಾರೋ ಕೆಮ್ಮಿದರು. ನೀಲ್ ನನ್ನ ಮುಖ ನೋಡಿದ. ಅಪ್ಪ ಯಾರನ್ನೂ ನೋಡಲಿಲ್ಲ.

"ಒಂದನೇ ಹಗ್ಗ. ಮರ್ಡೋ. ರೋರಿಯ ಮಗ. ಕೆಂಚ ಡೊನಾಲ್ಡನ ಮೊಮ್ಮಗ. ಏನೂ ಮಾಡದ ಕೆಂಚ ಡೊನಾಲ್ಡನ ಮೊಮ್ಮಗ."

ಗೋಡೆಯ ಹತ್ತಿರ ಬೆನ್ನು ಅಲುಗಲಿಲ್ಲ. ಎಲ್ಲರೂ ಅತ್ತ ತಿರುಗಿದ್ದರು, ಅರವತ್ತು ಜನ, ಕಪ್ಪು ಕೋಟುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಪೆಟ್ಟಿಗೆಯ ತಲೆಯ ಕಡೆ ಆ ಹಗ್ಗ ಸುರುಳಿಯಾಗಿ ಬಿದ್ದಿತ್ತು. ಪಾದ್ರಿ ಅಪ್ಪನ ಕಡೆ ಒಂದು ಹೆಜ್ಜೆ ಇಟ್ಟರು, ಅಪ್ಪ ಕೈಯೆತ್ತಿ ತಡೆದ. ಬರುವುದಿಲ್ಲ ಎಂದುಕೊಂಡೆ. ಬರಬೇಕಾಗಿಯೂ ಇಲ್ಲ. ನಾವು ಕೊಡುತ್ತೇವೆ ಎಂದಾಗ ಓಡಿಬಂದು ತೆಗೆದುಕೊಳ್ಳಬೇಕೆಂಬ ಋಣ ಅವರಿಗೆ ಯಾತರದು?

ಅಪ್ಪ ಊರುಗೋಲು ಊರಿಕೊಂಡು ಗೋಡೆಯವರೆಗೆ ನಡೆದ. ಆ ಮರಳಲ್ಲಿ ನಡೆಯುವುದು ಅವನಿಗೆ ಕಷ್ಟ, ಎರಡು ಸಲ ತಡವರಿಸಿದ. ಯಾರೂ ಹಿಡಿಯಲು ಹೋಗಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದರಿಂದ ಮಾತು ಕೇಳಿಸಿತು.

"ಮರ್ಡೋ, ನಿನ್ನ ಹತ್ರ ಕ್ಷಮೆ ಕೇಳೋಕೆ ಮುಖ ಇಲ್ಲ ಕಣೋ ನಂಗೆ. ಅದನ್ನ ಕೇಳ್ತಾ ಇಲ್ಲ. ನಮ್ಮಕ್ಕ ಕೇಳಿಕೊಂಡಿದ್ಲು. ನೀನು ಬರ್ದಿದ್ರೆ ನಾವು ಇಲ್ಲೇ ನಿಂತಿರ್ತೀವಿ. ಇನ್ನೇನು ಕೆಲಸ ಇದೆ ನಮಗೆ."

ಕಡಲಹಕ್ಕಿಯೊಂದು ಕೂಗುತ್ತ ಹೋಯಿತು.

"ಪೇಗಿ ಬಿಸಿಲಲ್ಲಿ ಇದಾಳೆ," ಎಂದರು ಮರ್ಡೋ ಮಾಮ.

ಸನಿಕೆಯನ್ನು ಗೋಡೆಗೆ ಒರಗಿಸಿ, ಕೈಯ ಮರಳನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದರು. ಅಪ್ಪ ಅವರ ಹಿಂದೆ ಬಂದ. ಎಂಟು ಜನವೂ ಹಗ್ಗ ಎತ್ತಿದೆವು, ಹಲಗೆ ಸರಿಸಿದರು, ಪೇಗಿ ಅತ್ತೆಯ ಭಾರ ಎಲ್ಲರ ಅಂಗೈಗೆ ಬಂತು. ಐವತ್ತು ವರ್ಷ ಗುಂಡಿ ಅಗೆದ ಮನುಷ್ಯ, ಇಳಿಸುವುದನ್ನು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಮುಂದೇನು ಎಂದು ತಿಳಿಯದೆ ನಿಂತರು. ಉಳಿದವರು ಬಿಡುತ್ತಿದ್ದಂತೆ ಪೆಟ್ಟಿಗೆ ಕಾಲಿನ ಕಡೆ ವಾಲಿತು.

"ಎಷ್ಟು ಬಿಡ್ಬೇಕು, ಲಾಕ್ಲನ್?" ಎಂದರು ಮೆಲ್ಲಗೆ. "ನಂಗೆ ಗೊತ್ತಿಲ್ಲ."

"ಕೈಗೆ ಸುತ್ಕೋಬೇಡ, ಬಿಚ್ಚು," ಎಂದ ಅಪ್ಪ. ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನನ್ನ ಕೈ ನೋಡು. ನಾನು ಬಿಟ್ಟಷ್ಟೇ ನೀನು ಬಿಡು."

ಮರ್ಡೋ ಮಾಮ ಅಪ್ಪನ ಕೈ ನೋಡುತ್ತ ಸ್ವಲ್ಪ ಸ್ವಲ್ಪವೇ ಬಿಟ್ಟರು.